ನಾನು ಡಿಮ್‌ನಲ್ಲೇ ಇದ್ದೀನಿ, ಆದ್ರೂ ಎದುರಿನವರು ಲೈಟ್ ಹೊಡೀತಾರೆ

ಪ್ರಶ್ನೆ: ನನಗೆ 58 ವರ್ಷ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ವಾರಕ್ಕೆ ಮೂರು ನಾಲ್ಕು ದಿನ ಹುಳಿಯಾರು, ಅರಸೀಕೆರೆ ಕಡೆ ಹೋಗಿ ರಾತ್ರಿ ವಾಪಸ್ ಬರುತ್ತೇನೆ. ಹತ್ತು ವರ್ಷದ ಹಳೇ ಸಣ್ಣ ಕಾರು. ಮೊದಲೆಲ್ಲ ರಾತ್ರಿ ಓಡಿಸುವುದು ಕಷ್ಟ ಅನ್ನಿಸಿದ್ದೇ ಇಲ್ಲ. ಈಗ ಎರಡು ಮೂರು ವರ್ಷದಿಂದ ಎದುರಿನ ಗಾಡಿಗಳ ಬಿಳಿ ಲೈಟ್ ಕಣ್ಣಿಗೆ ಹೊಡೆದು ರಸ್ತೆಯೇ ಕಾಣುವುದಿಲ್ಲ. ಮೆಕ್ಯಾನಿಕ್ ನಮ್ಮ ಕಾರಿಗೂ ಎಲ್‌ಇಡಿ ಬಲ್ಬ್ ಹಾಕಿಸಿ ಅನ್ನುತ್ತಾನೆ. ಮಗ ಹಳದಿ ಕನ್ನಡಕ ತರಿಸಿಕೊಟ್ಟಿದ್ದಾನೆ. ಇನ್ನೊಂದು ವಿಚಿತ್ರ ಏನೆಂದರೆ, ನಾನು ಡಿಮ್‌ನಲ್ಲೇ ಹೋಗುತ್ತಿದ್ದರೂ ಎದುರಿನವರು ನನಗೆ ಲೈಟ್ ಹೊಡೆದು ತೋರಿಸುತ್ತಾರೆ. ತಪ್ಪು ಹೊಸ ಲೈಟ್‌ಗಳದ್ದೋ, ನನ್ನ ಕಣ್ಣಿನದ್ದೋ?

ಉತ್ತರ: ಎರಡರದ್ದೂ ಇದೆ. ಜೊತೆಗೆ ನಿಮ್ಮ ಕಾರಿನದ್ದೂ ಸ್ವಲ್ಪ ಇದೆ ಅಂತ ನನ್ನ ಅನುಮಾನ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬಂದ ಆ "ವಿಚಿತ್ರ" ಇದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಅದು ಇವತ್ತೇ ಸರಿಯಾಗುವ ವಿಷಯ.

ವಾಪಸ್ ಬರುವಾಗ ಡಿಕ್ಕಿಯಲ್ಲಿ ಕೊಬ್ಬರಿ ಮೂಟೆ ಇರುತ್ತದೆ, ಅಲ್ವಾ? ಹಿಂದಿನ ಸೀಟಿನಲ್ಲೂ ಒಂದೆರಡು ಇರಬಹುದು. ಅಷ್ಟು ಭಾರಕ್ಕೆ ಹಿಂದಿನ ಸ್ಪ್ರಿಂಗ್ ಕುಗ್ಗುತ್ತದೆ, ಕಾರಿನ ಮೂತಿ ಮೇಲೇಳುತ್ತದೆ. ಒಂದು ಲೆಕ್ಕ ಹೇಳುತ್ತೇನೆ. ಸಣ್ಣ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 2.4 ಮೀಟರ್ ಇರುತ್ತದೆ. ಹಿಂಭಾಗ ಬರೀ 4 ಸೆಂಟಿಮೀಟರ್ ಇಳಿದರೆ ಸಾಕು, ಹೆಡ್‌ಲೈಟ್ ಹೆಚ್ಚುಕಡಿಮೆ 1 ಡಿಗ್ರಿ ಮೇಲಕ್ಕೆ ನೋಡುತ್ತದೆ. ಒಂದು ಡಿಗ್ರಿ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ 50 ಮೀಟರ್ ದೂರ ಹೋಗುವಷ್ಟರಲ್ಲಿ ಆ ಬೆಳಕು ಮೊದಲು ಬೀಳುತ್ತಿದ್ದ ಜಾಗಕ್ಕಿಂತ 87 ಸೆಂಟಿಮೀಟರ್ ಮೇಲೆ ಬೀಳುತ್ತದೆ. ರಸ್ತೆ ಮೇಲೆ ಬೀಳಬೇಕಾದ ಬೆಳಕು ಎದುರಿನವನ ಮುಖಕ್ಕೆ ಹೋಯಿತು. ನೀವು ಡಿಮ್‌ನಲ್ಲೇ ಇದ್ದೀರಿ, ಆದರೆ ಅವನಿಗೆ ಅದು ಬ್ರೈಟ್ ಹಾಗೆಯೇ ಕಾಣುತ್ತದೆ.

ಇದಕ್ಕೆಂದೇ ಸ್ಟೇರಿಂಗ್‌ನ ಬಲಗಡೆ, ಡ್ಯಾಶ್‌ಬೋರ್ಡ್ ಕೆಳಗೆ, 0, 1, 2, 3 ಅಂತ ಬರೆದಿರುವ ಒಂದು ಸಣ್ಣ ಚಕ್ರ ಇರುತ್ತದೆ. ಹತ್ತು ವರ್ಷದ ಹೆಚ್ಚಿನ ಕಾರುಗಳಲ್ಲೂ ಇದೆ. ಅದು ಲೈಟ್ ಜಾಸ್ತಿ ಕಡಿಮೆ ಮಾಡುವ ಬಟನ್ ಅಂತ ತುಂಬಾ ಜನ ತಿಳಿದಿದ್ದಾರೆ, ಸುಮ್ನೆ 3ಕ್ಕೆ ತಿರುಗಿಸಿ ನೋಡಿ ಏನೂ ಆಗಲಿಲ್ಲ ಅಂತ ಬಿಟ್ಟಿರುತ್ತಾರೆ. ಅದು ಹೆಡ್‌ಲೈಟಿನ ತಲೆ ತಗ್ಗಿಸುವ ಚಕ್ರ. ನೀವೊಬ್ಬರೇ ಇದ್ದರೆ 0. ಹಿಂದೆ ಭಾರ ಹೆಚ್ಚಿದಂತೆ 1, 2, 3. ಅಂಕಿ ದೊಡ್ಡದಾದಷ್ಟೂ ಬೆಳಕು ತಗ್ಗುತ್ತದೆ. ಮೂಟೆ ತುಂಬಿದಾಗ 2 ಅಥವಾ 3ಕ್ಕೆ ಇಡಿ, ಇಳಿಸಿದ ಮೇಲೆ ಮರೆಯದೆ 0ಗೆ ತನ್ನಿ. ಇಲ್ಲದಿದ್ದರೆ ಖಾಲಿ ಗಾಡಿಯಲ್ಲಿ ನಿಮಗೇ ಮುಂದೆ ಕಾಣುವುದಿಲ್ಲ.

ನಾನು ಇಪ್ಪತ್ತು ವರ್ಷದಿಂದ ಗಾಡಿಗಳ ಲೈಟಿನ ಕೆಲಸದಲ್ಲೇ ಇದ್ದೇನೆ. ಲೈಟಿನ ಬಗ್ಗೆ ಯಾರು ದೂರು ಹೇಳಿದರೂ "ಬೆಳಕು ಜಾಸ್ತಿ ಆಯ್ತು" ಅಂತಲೇ ಹೇಳುತ್ತಾರೆ. ಹೋಗಿ ಅಳೆದು ನೋಡಿದರೆ ಹೆಚ್ಚಿನ ಸಲ ಸಮಸ್ಯೆ ಬೆಳಕಿನ ಪ್ರಮಾಣದ್ದಲ್ಲ, ಅದು ಬೀಳುತ್ತಿರುವ ಜಾಗದ್ದು. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಇದರಲ್ಲೇ ಇದೆ.

ಡಿಮ್ ಲೈಟಿಗೆ ಮೇಲೆ ಒಂದು ಗೆರೆ ಇರುತ್ತದೆ. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು. ನಮ್ಮದು ಎಡಗಡೆ ಓಡಿಸುವ ದೇಶ, ಆದ್ದರಿಂದ ಆ ಗೆರೆ ಎಡಕ್ಕೆ ಸ್ವಲ್ಪ ಮೇಲೇಳುತ್ತದೆ. ಎಡ ಅಂಚಿನಲ್ಲಿ ನಡೆಯುವವರು, ಸೈಕಲ್‌ನವರು, ಮೈಲಿಗಲ್ಲು ಕಾಣಲಿ ಅಂತ. ಬಲಕ್ಕೆ, ಅಂದರೆ ಎದುರಿನ ಗಾಡಿ ಬರುವ ಕಡೆಗೆ, ತಗ್ಗಿಯೇ ಇರುತ್ತದೆ. ಸರಿಯಾಗಿ ಕೂರಿಸಿದ ಲೈಟಿನಲ್ಲಿ ಈ ಗೆರೆ ಪ್ರತಿ ಮೀಟರಿಗೆ 1 ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತಾ ಹೋಗುತ್ತದೆ. ನಿಮ್ಮ ಕಾರಿನದ್ದನ್ನು ನೀವೇ ನೋಡಿಕೊಳ್ಳಬಹುದು. ಯಾವುದಾದರೂ ಗೋಡೌನಿನ ಗೋಡೆ ಎದುರು, ನೆಲ ಸಮವಾಗಿರುವ ಕಡೆ, 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ. ಟೈರಿಗೆ ಗಾಳಿ ಸರಿ ಇರಲಿ, ಡಿಕ್ಕಿ ಖಾಲಿ ಇರಲಿ, ಲೈಟ್ ತಗ್ಗಿಸುವ ಆ ಸಣ್ಣ ಚಕ್ರ 0ಯಲ್ಲಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಹೆಡ್‌ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆ ಅಂತ ಟೇಪಿನಲ್ಲಿ ಅಳೆದು, ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಗೆರೆಯ ಮೇಲೆ ಹೋಗಿದ್ದರೆ ಬಾನೆಟ್ ತೆಗೆದು, ಹೆಡ್‌ಲೈಟ್ ಹಿಂದಿನ ಸ್ಕ್ರೂ ತಿರುಗಿಸಿ ಇಳಿಸಬೇಕು. ಹತ್ತು ನಿಮಿಷದ ಕೆಲಸ.

ಮುಂದಿನ ಬಂಪರಿಗೆ ಯಾವತ್ತಾದರೂ ಪೆಟ್ಟು ಬಿದ್ದು ಡೂಮ್, ಅಂದರೆ ಬಲ್ಬ್ ಕೂರುವ ಇಡೀ ಹೆಡ್‌ಲೈಟ್ ಗೂಡು, ಬದಲಾಯಿಸಿದ್ದರಂತೂ ಇದನ್ನು ನೋಡಲೇಬೇಕು. ಹೊಸ ಡೂಮ್ ಕೂರಿಸಿ, ಲೈಟ್ ಉರಿಯಿತಾ, ಸರಿ, ಅಂತ ಗಾಡಿ ಕೊಟ್ಟುಬಿಡುತ್ತಾರೆ. ಅದು ಎಲ್ಲಿಗೆ ನೋಡುತ್ತಿದೆ ಅಂತ ಯಾರೂ ಕೇಳುವುದಿಲ್ಲ.

ಈಗ ನಿಮ್ಮ ಕಣ್ಣಿಗೆ ಹೊಡೆಯುವ ಆ ಬಿಳಿ ಲೈಟಿನ ವಿಷಯ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಿಮ್ಮ ಕಾರಿನಲ್ಲಿರುವುದು ಬಹುಶಃ ಎಚ್4 ಹ್ಯಾಲೊಜೆನ್ ಬಲ್ಬ್. ಯುರೋಪಿನಲ್ಲಿ 1971ರಲ್ಲಿ ಬಂದದ್ದು, ಒಂದೇ ಬಲ್ಬಿನಲ್ಲಿ ಎರಡು ತಂತಿ, ಒಂದು ಬ್ರೈಟಿಗೆ 60 ವಾಟ್, ಒಂದು ಡಿಮ್ಮಿಗೆ 55 ವಾಟ್. ಡಿಮ್‌ನಲ್ಲಿ ಸುಮಾರು 1000 ಲ್ಯೂಮೆನ್ ಬೆಳಕು. ಲ್ಯೂಮೆನ್ ಅಂದರೆ ಬಲ್ಬಿನಿಂದ ಹೊರಡುವ ಬೆಳಕಿನ ಅಳತೆ. 1991ರಲ್ಲಿ ಬಿಎಂಡಬ್ಲ್ಯು ತನ್ನ 7 ಸೀರೀಸ್ ಕಾರಿನಲ್ಲಿ ಝೆನಾನ್, ಅಂದರೆ ತಂತಿಯ ಬದಲು ಅನಿಲದೊಳಗೆ ಕಿಡಿ ಹಾಯಿಸಿ ಉರಿಯುವ ಲೈಟ್, ತಂದಿತು. ಅದು 35 ವಾಟ್‌ನಲ್ಲೇ 3000 ಲ್ಯೂಮೆನ್ ದಾಟಿತು. 2007ರಲ್ಲಿ ಲೆಕ್ಸಸ್ ಎಲ್‌ಇಡಿ ಡಿಮ್ ಲೈಟ್ ತಂದಿತು. ಈಗ ನಮ್ಮಲ್ಲಿ ಹತ್ತು ಹನ್ನೆರಡು ಲಕ್ಷದ ಗಾಡಿಗಳಲ್ಲೂ ಎಲ್‌ಇಡಿ ಬರುತ್ತಿದೆ.

ಕಂಪನಿಯಿಂದಲೇ ಬಂದ ಎಲ್‌ಇಡಿ ಲೈಟು ಸರಿಯಾಗಿ ಕೂತಿದ್ದರೆ ಅದರ ಗೆರೆ ಹ್ಯಾಲೊಜೆನ್‌ಗಿಂತ ಚೊಕ್ಕ. ಆದರೂ ಅದು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ, ಅದಕ್ಕೆ ಕಾರಣಗಳಿವೆ. ಹಳೇ ಗಾಡಿಯಲ್ಲಿ ಬೆಳಕು ಊಟದ ತಟ್ಟೆಯಷ್ಟು ಅಗಲದ ಡೂಮಿನಿಂದ ಬರುತ್ತಿತ್ತು. ಈಗ ಕಾಫಿ ಲೋಟದ ಬಾಯಿಗಿಂತ ಸಣ್ಣ ಗಾಜಿನಿಂದ ಬರುತ್ತದೆ. ಅದೇ ಬೆಳಕು ಚಿಕ್ಕ ಜಾಗದಿಂದ ಬಂದರೆ ಸೂಜಿಯ ಹಾಗೆ ಇರುತ್ತದೆ. ಎರಡನೆಯದು ಬಣ್ಣ. ಹ್ಯಾಲೊಜೆನ್ ಅರಿಶಿನದ ಛಾಯೆಯ ಬೆಳಕು, ಎಲ್‌ಇಡಿಯಲ್ಲಿ ನೀಲಿ ಪಾಲು ಜಾಸ್ತಿ. ನೀಲಿ ಪಾಲು ಹೆಚ್ಚಿದಷ್ಟೂ ನಮಗೆ ಕಿರಿಕಿರಿ ಹೆಚ್ಚು, ಇದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮೂರನೆಯದು ಆ ಚೊಕ್ಕ ಗೆರೆಯೇ. ಗೆರೆ ಚೂಪಾಗಿದ್ದರೆ ಸಮ ರಸ್ತೆಯಲ್ಲಿ ಒಳ್ಳೆಯದು, ಆದರೆ ನಮ್ಮ ರಸ್ತೆ ಸಮ ಇರಬೇಕಲ್ಲ! ಊರಿಗೊಂದು ಹಂಪ್, ಹಂಪಿಗೊಂದು ಗುಂಡಿ. ಗಾಡಿ ಹಂಪ್ ಹತ್ತಿದ ತಕ್ಷಣ ಆ ಗೆರೆ ಸಡನ್ನಾಗಿ ನಿಮ್ಮ ಕಣ್ಣಿನ ಮೇಲೆ ಹಾಯುತ್ತದೆ, ಯಾರೋ ಬೇಕಂತಲೇ ಬ್ರೈಟ್ ಹೊಡೆದ ಹಾಗೆ ಅನ್ನಿಸುತ್ತದೆ. ಪಾಪ, ಅವನು ಏನೂ ಮಾಡಿರುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಎತ್ತರ. ಇವತ್ತಿನ ದೊಡ್ಡ ಗಾಡಿಗಳ ಹೆಡ್‌ಲೈಟ್ ನೆಲದಿಂದ 90 ಸೆಂಟಿಮೀಟರ್, ಕೆಲವಕ್ಕೆ ಒಂದು ಮೀಟರ್ ಹತ್ತಿರ ಇರುತ್ತದೆ. ನಿಮ್ಮ ಸಣ್ಣ ಕಾರಿನಲ್ಲಿ ಕೂತಾಗ ನಿಮ್ಮ ಕಣ್ಣು ಇರುವುದು 1.2 ಮೀಟರ್ ಆಸುಪಾಸು. ಮೇಲೆ ಹೇಳಿದ ಒಂದು ಡಿಗ್ರಿ ತಪ್ಪು ಸಣ್ಣ ಕಾರಿನಲ್ಲಿ ಆದರೆ ಬೆಳಕು ನಿಮ್ಮ ಎದೆ ಮಟ್ಟದಲ್ಲಿ ಹೋಗಬಹುದು. ಎತ್ತರದ ಗಾಡಿಯಲ್ಲಿ ಆದರೆ ನೇರ ಕಣ್ಣಿಗೇ. ಎತ್ತರದ ಗಾಡಿ ಓಡಿಸುವವರು ಈ ಉತ್ತರ ಓದುತ್ತಿದ್ದರೆ ಅವರಿಗೂ ಹೇಳುತ್ತಿದ್ದೇನೆ. ನಿಮ್ಮ ಲೈಟ್ ಸರಿಯಾಗಿದೆಯಾ ಅಂತ ನೋಡಿಕೊಳ್ಳುವ ಜವಾಬ್ದಾರಿ ನಿಮ್ಮ ಮೇಲೆ ಎರಡರಷ್ಟಿದೆ.

ಕಣ್ಣಿನ ವಿಷಯಕ್ಕೆ ಬರೋಣ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳೇ ಹಂಚಿನ ಮನೆಯ ಅಡುಗೆಮನೆ ನೆನಪಿಸಿಕೊಳ್ಳಿ. ಒಲೆ ಹೊಗೆ ತುಂಬಿರುವಾಗ ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದರೆ, ಆ ಕೋಲಿನ ಆಚೆ ಏನಿದೆ ಅಂತ ಕಾಣುವುದಿಲ್ಲ. ಹೊಗೆಯೇ ಬೆಳ್ಳಗೆ ಹೊಳೆಯುತ್ತದೆ. ಜೋರು ಬೆಳಕು ಕಣ್ಣಿಗೆ ಹೋದಾಗ ಕಣ್ಣಿನೊಳಗೂ ಇದೇ ಆಗುತ್ತದೆ. ಕಣ್ಣಿನ ಮಸೂರ ಗಾಜಿನಷ್ಟು ತಿಳಿಯಾಗಿರುವುದಿಲ್ಲ, ಬೆಳಕು ಅದರೊಳಗೆ ಚೆದುರಿ ಇಡೀ ನೋಟದ ಮೇಲೆ ಒಂದು ಬಿಳಿ ಪರದೆ ಹಾಸುತ್ತದೆ. ರಸ್ತೆ, ಗುಂಡಿ, ಮನುಷ್ಯ ಎಲ್ಲ ಆ ಪರದೆಯ ಹಿಂದೆ. ವಯಸ್ಸಾದಂತೆ ಮಸೂರ ಮಂದವಾಗುತ್ತದೆ, ಪರದೆ ದಪ್ಪವಾಗುತ್ತದೆ. ಬೆಳಕಿನ ಅಂತರರಾಷ್ಟ್ರೀಯ ಆಯೋಗ, ಸಿಐಇ ಅಂತ ಕರೆಯುತ್ತಾರೆ, ಅವರ ಸೂತ್ರದ ಪ್ರಕಾರ 70ನೇ ವಯಸ್ಸಿಗೆ ಈ ಚೆದುರುವಿಕೆ ಯುವಕರಿಗಿಂತ ಎರಡು ಪಟ್ಟು. ನಿಮ್ಮ 58ಕ್ಕೆ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಪಟ್ಟು ಬರುತ್ತದೆ. ಅದು ಪೊರೆ ಇಲ್ಲದ ಆರೋಗ್ಯವಂತ ಕಣ್ಣಿನ ಲೆಕ್ಕ. ಅಂದರೆ ಅದೇ ಕಾರು ಅದೇ ದೂರದಿಂದ ಬಂದರೂ ನಿಮ್ಮ ಮಗನಿಗೆ ಕಾಣುವ ಪರದೆಗಿಂತ ನಿಮ್ಮದು ಅಷ್ಟು ದಪ್ಪ. ಹಾಗಾಗಿ "ಅಪ್ಪ, ನಂಗೇನೂ ಆಗಲ್ಲ, ನೀವೇ ಜಾಸ್ತಿ ಹೇಳ್ತೀರಿ" ಅಂತ ಮಗ ಅಂದರೆ, ಅವನೂ ನಿಜ ಹೇಳುತ್ತಿದ್ದಾನೆ, ನೀವೂ ನಿಜ ಹೇಳುತ್ತಿದ್ದೀರಿ.

ಇದೇ ಲೆಕ್ಕದಿಂದ ಒಂದು ಉಪಯೋಗದ ಮಾತು ಸಿಗುತ್ತದೆ. ನೀವು ನೋಡುತ್ತಿರುವ ದಿಕ್ಕಿಗೂ ಆ ಲೈಟಿಗೂ ನಡುವಿನ ಕೋನ ಎರಡರಷ್ಟಾದರೆ ಪರದೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಎದುರಿನ ಗಾಡಿ 50 ಮೀಟರ್ ದೂರದಲ್ಲಿದ್ದಾಗ ಆ ಕೋನ ಬರೀ 4 ಡಿಗ್ರಿ ಆಸುಪಾಸು. ಲೈಟನ್ನೇ ದಿಟ್ಟಿಸುವ ಬದಲು, ಎಡ ಅಂಚಿನ ಬಿಳಿ ಗೆರೆಯ ಕಡೆಗೆ ನೋಟ ಸ್ವಲ್ಪ ಸರಿಸಿ. ಕಣ್ಣು ಸರಿಸಿದ್ದು ಚೂರೇ, ವ್ಯತ್ಯಾಸ ದೊಡ್ಡದು. ಅಂಚಿನ ಗೆರೆಯೇ ಇಲ್ಲದ ರಸ್ತೆಯಲ್ಲಿ ಡಾಂಬರು ಮಣ್ಣಿಗೆ ಸೇರುವ ಅಂಚು ಹಿಡಿದುಕೊಳ್ಳಿ. ಜೊತೆಗೆ ಆ್ಯಕ್ಸಿಲರೇಟರ್ ಬಿಡಿ. ಗಾಡಿ ದಾಟಿ ಹೋದ ಮೇಲೂ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ 50 ಮೀಟರ್ ಹೋಗಿರುತ್ತೀರಿ. ಆ 50 ಮೀಟರ್ ಅರ್ಧ ಕುರುಡರ ಹಾಗೆ ಓಡಿಸಿದ್ದು.

ಆ 50 ಮೀಟರಿನಲ್ಲಿ ಯಾರಿರುತ್ತಾರೆ ಅನ್ನುವುದೇ ನನಗೆ ನಿದ್ದೆ ಕೆಡಿಸುವ ವಿಷಯ. ಕೆಲವು ವರ್ಷದ ಹಿಂದೆ ನಾನು ನಿಮ್ಮ ಕಡೆಯೇ, ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುತ್ತಿದ್ದೆ. ರಾತ್ರಿ ಎಂಟೂವರೆ ಇರಬಹುದು. ಎದುರಿಗೆ ಒಂದು ಜೀಪು, ಬಂಪರ್ ಮೇಲೆ ಉದ್ದಕ್ಕೂ ಎಲ್‌ಇಡಿ ಪಟ್ಟಿ ಹಾಕಿಸಿಕೊಂಡದ್ದು. ಡಿಮ್ ಮಾಡಲಿಲ್ಲ, ಆ ಪಟ್ಟಿಗೆ ಡಿಮ್ ಅನ್ನುವುದೇ ಇರುವುದಿಲ್ಲ. ನಾನು ವೇಗ ಇಳಿಸಿದೆ, ಎಡ ಅಂಚು ನೋಡಿದೆ, ಮೇಲೆ ಹೇಳಿದ್ದೆಲ್ಲ ಮಾಡಿದೆ. ಜೀಪು ದಾಟಿತು. ಆಗ ಕಣ್ಣೆದುರು ಕಂಡಿದ್ದು ತೆಂಗಿನ ಸಿಪ್ಪೆ ತುಂಬಿದ ಟ್ರಾಕ್ಟರ್ ಟ್ರೈಲರ್, ಹಿಂದೆ ಒಂದು ಕೆಂಪು ದೀಪ ಇಲ್ಲ, ಒಂದು ರಿಫ್ಲೆಕ್ಟರ್ ಇಲ್ಲ, ಸಿಪ್ಪೆಯ ಬಣ್ಣವೋ ರಾತ್ರಿಯ ಬಣ್ಣವೋ ಗೊತ್ತಾಗದ ಹಾಗೆ. ಬ್ರೇಕ್ ತುಳಿದೆ, ನಿಂತಾಗ ಬಾನೆಟ್ಟಿಗೂ ಟ್ರೈಲರಿಗೂ ಒಂದು ಮೊಳ ಇತ್ತು. ಟ್ರಾಕ್ಟರ್ ಓಡಿಸುತ್ತಿದ್ದ ಯಜಮಾನರಿಗೆ ಏನಾಯಿತು ಅಂತಲೇ ಗೊತ್ತಿಲ್ಲ, ಅವರ ಪಾಡಿಗೆ ಹೋಗುತ್ತಿದ್ದರು. ಕೈ ನಡುಕ ನಿಲ್ಲುವುದಕ್ಕೆ ರಸ್ತೆ ಬದಿಯಲ್ಲಿ ಹದಿನೈದು ನಿಮಿಷ ಕೂತಿದ್ದೆ. ಅಂದಿನಿಂದ ನನ್ನ ಕಾರಿನಲ್ಲಿ ಕೆಂಪು ರಿಫ್ಲೆಕ್ಟರ್ ಟೇಪಿನ ಒಂದು ಸುರುಳಿ ಯಾವಾಗಲೂ ಇರುತ್ತದೆ. ನಿಂತ ಟ್ರೈಲರ್ ಕಂಡರೆ ಕೇಳಿ ಅಂಟಿಸುತ್ತೇನೆ, ಇದುವರೆಗೆ ಯಾರೂ ಬೇಡ ಅಂದಿಲ್ಲ. ನಿಮಗೆ ಮಾಲು ತರುವ ಟ್ರಾಕ್ಟರ್‌ನವರು ಇರುತ್ತಾರಲ್ಲ, ಅವರಿಗೂ ದಯವಿಟ್ಟು ಹೇಳಿ.

ನಡೆದು ಹೋಗುವವರದ್ದು ಇನ್ನೊಂದು ಕಷ್ಟ. ಕಾರಿನ ಲೈಟ್ ತಮ್ಮ ಮೇಲೆ ಬಿದ್ದಾಗ "ನಾನು ಅವನಿಗೆ ಚೆನ್ನಾಗಿ ಕಾಣುತ್ತಿದ್ದೇನೆ" ಅಂದುಕೊಳ್ಳುತ್ತಾರೆ. ಅವರ ಮಟ್ಟಿಗೆ ಎಲ್ಲ ಬೆಳಕಾಗಿದೆ, ಹಾಗೆ ಅನ್ನಿಸುವುದು ಸಹಜ. ಆದರೆ ಎರಡು ಗಾಡಿ ಎದುರುಬದುರಾದಾಗ ನಡುವೆ ಇರುವ ಮನುಷ್ಯ ಇಬ್ಬರಿಗೂ ಕಾಣುವುದಿಲ್ಲ. ಅದರಲ್ಲೂ ಕಪ್ಪು ಕಂಬಳಿ ಹೊದ್ದವರು, ಹಸು ಹಿಡಿದು ಬರುವವರು. ಮನೆಯವರಿಗೆ ಹೇಳಿ, ರಾತ್ರಿ ನಡೆಯುವಾಗ ಬಲಗಡೆ ಅಂಚಿನಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ನಡೆಯಲಿ, ಬಿಳಿ ಟವೆಲ್ಲಾದರೂ ಹೆಗಲ ಮೇಲಿರಲಿ. ಎರಡು ಗಾಡಿ ಒಟ್ಟಿಗೆ ಬರುತ್ತಿದ್ದರೆ ಒಂದು ಕ್ಷಣ ಮಣ್ಣಿಗಿಳಿದು ನಿಲ್ಲಲಿ.

ನಾಲ್ಕು ಪಥದ ಹೆದ್ದಾರಿಯಲ್ಲಿ ಇದೇ ಲೈಟುಗಳು ಅಷ್ಟು ಕಾಡುವುದಿಲ್ಲ, ಗಮನಿಸಿದ್ದೀರಾ? ನಡುವಿನ ಅಂತರ ಜಾಸ್ತಿ, ಕೋನ ಜಾಸ್ತಿ. ಜೊತೆಗೆ ಡಿವೈಡರಿನಲ್ಲಿ ಸಾಲಾಗಿ ಕಣಗಿಲೆ ನೆಟ್ಟಿರುತ್ತಾರಲ್ಲ, ಅದು ಅಂದಕ್ಕೆ ಮಾತ್ರ ಅಲ್ಲ. ಎದುರಿನ ಲೈಟ್ ತಡೆಯುವುದಕ್ಕೆ. ಹಸು ಮುಟ್ಟುವುದಿಲ್ಲ, ನೀರು ಕಡಿಮೆ ಸಾಕು, ತಲೆ ಎತ್ತರಕ್ಕೆ ಪೊದೆಯಾಗಿ ನಿಲ್ಲುತ್ತದೆ. ನಿಮ್ಮ ಹುಳಿಯಾರು ರಸ್ತೆಯಂಥ ಎರಡು ಪಥದ ರಸ್ತೆಗೆ ಆ ಅನುಕೂಲ ಇಲ್ಲ.

ಎಲ್‌ಇಡಿ ಬಲ್ಬ್ ಹಾಕಿಸಬೇಕಾ ಅಂದರೆ, ಬೇಡ. ಮೆಕ್ಯಾನಿಕ್ ನಿಮಗೆ ಕೆಟ್ಟದ್ದು ಬಯಸುತ್ತಿಲ್ಲ, ಆದರೂ ಬೇಡ. ಎಚ್4 ಬಲ್ಬಿನ ಒಳಗೆ ನೋಡಿದರೆ ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಕಾಣುತ್ತದೆ. ಮೇಲಕ್ಕೆ ಹೋಗಬಾರದ ಬೆಳಕನ್ನು ತಡೆಯುವುದೇ ಅದರ ಕೆಲಸ. ಡೂಮಿನ ಕನ್ನಡಿಯನ್ನು ಮಾಡಿರುವುದು ಆ ತಂತಿ ಇಂಥ ಕಡೆಯೇ, ಮಿಲಿಮೀಟರಿನ ಭಾಗದಷ್ಟೂ ಆಚೀಚೆ ಇಲ್ಲದೆ, ಕೂತಿರುತ್ತದೆ ಅನ್ನುವ ಲೆಕ್ಕದ ಮೇಲೆ. ಅಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಹೊರಡುವ ಜಾಗ ಬದಲಾಯಿತು, ದಿಕ್ಕು ಬದಲಾಯಿತು, ಗೆರೆ ಒಡೆದು ಹೋಯಿತು. ಬೆಳಕು ಮರದ ತುದಿಗೂ ಹೋಗುತ್ತದೆ, ಎದುರಿನವನ ಕಣ್ಣಿಗೂ ಹೋಗುತ್ತದೆ. ನಿಮಗೆ ಮಾತ್ರ ಕಾರಿನ ಮುಂದೆ ಹತ್ತಿಪ್ಪತ್ತು ಮೀಟರ್ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದೆ. ಅದನ್ನು ನೋಡಿ ಖುಷಿಯಾಗುತ್ತದೆ. ಆದರೆ ಹತ್ತಿರದ ರಸ್ತೆ ಅಷ್ಟು ಬೆಳಗಿದರೆ ಕಣ್ಣು ಆ ಬೆಳಕಿಗೇ ಹೊಂದಿಕೊಂಡು ದೂರದ ಕತ್ತಲು ಇನ್ನೂ ಕತ್ತಲಾಗುತ್ತದೆ. ನಿಮಗೆ ಬೇಕಾದದ್ದು ದೂರದ್ದು.

ಎಲ್ಲ ಎಲ್‌ಇಡಿ ಬಲ್ಬೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಇದೆ, ಆದರೆ ಇಂಥ ಬಲ್ಬು ಇಂಥ ಮಾದರಿಯ ಕಾರಿಗೆ ಅಂತ ಎರಡನ್ನೂ ಸೇರಿಸಿ ಪರೀಕ್ಷೆ ಮಾಡಿದ ಮೇಲೆ. ನಮ್ಮ ಅಂಗಡಿಯಲ್ಲಿ ಡಬ್ಬದ ಮೇಲೆ "200 ವಾಟ್" ಅಂತ ಬರೆದು ಮಾರುವುದಕ್ಕೆ ಆ ಪರೀಕ್ಷೆ ಯಾವುದೂ ಆಗಿರುವುದಿಲ್ಲ. 100/90 ವಾಟಿನ ಹ್ಯಾಲೊಜೆನ್ ಹಾಕಿಸುವವರೂ ಇದ್ದಾರೆ, ಅದರ ಬಿಸಿಗೆ ಹೋಲ್ಡರ್ ಕರಗಿದ್ದನ್ನು ಎಷ್ಟೋ ಸಲ ಬಿಚ್ಚಿ ನೋಡಿದ್ದೇನೆ.

ಹಾಗಾದರೆ ಹಳೇ ಕಾರಿನಲ್ಲಿ ಬೆಳಕು ಸಾಲುವುದಿಲ್ಲ ಅಂದರೆ ಏನು ಮಾಡುವುದು? ವೈರಿಂಗ್ ನೋಡಿಸಿ. ಹ್ಯಾಲೊಜೆನ್ ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ 10ರಷ್ಟು ಕಡಿಮೆಯಾದರೆ ಬೆಳಕು ನೂರಕ್ಕೆ 30ರಷ್ಟು ಕಡಿಮೆಯಾಗುತ್ತದೆ. ಹತ್ತು ವರ್ಷದ ಗಾಡಿಯಲ್ಲಿ ಅರ್ತ್, ಅಂದರೆ ವೈರು ಗಾಡಿಯ ಬಾಡಿಗೆ ಸೇರುವ ಜಾಗ, ತುಕ್ಕು ಹಿಡಿದಿರುತ್ತದೆ, ಸ್ವಿಚ್ ಸವೆದಿರುತ್ತದೆ, ಬ್ಯಾಟರಿಯಲ್ಲಿ ಇರುವ ವೋಲ್ಟೇಜ್ ಬಲ್ಬಿನ ತನಕ ಹೋಗುವುದೇ ಇಲ್ಲ. ಅರ್ತ್ ಉಜ್ಜಿಸಿ, ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ಕರೆಂಟ್ ಕೊಡುವ ಒಳ್ಳೆಯ ರಿಲೇ ಹಾಕಿಸಿ, ಹೊಸ 60/55 ವಾಟ್ ಬಲ್ಬ್ ಹಾಕಿಸಿ. ಡೂಮಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ. ಮಂಜುಗಟ್ಟಿದ ಪ್ಲಾಸ್ಟಿಕ್ ನಿಮಗೆ ಬೆಳಕು ಕಡಿಮೆ ಮಾಡುತ್ತದೆ, ಎದುರಿನವನಿಗೆ ಬೆಳಕು ಚೆದುರಿಸುತ್ತದೆ, ಎರಡೂ ಕಡೆ ನಷ್ಟ.

ಕಾನೂನು ಇಲ್ಲವಾ ಅಂತ ನೀವು ಕೇಳಿಲ್ಲ, ಆದರೆ ಎಲ್ಲರೂ ಕೇಳುವ ಮಾತು. ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೇ ನಿಯಮ ಇದಕ್ಕೇ ಇರುವುದು. ಲೈಟಿನಿಂದ 8 ಮೀಟರ್ ಮುಂದೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಕಣ್ಣು ಕೋರೈಸದ ಹಾಗೆ ಲೈಟ್ ತಗ್ಗಿರಬೇಕು, ಇಲ್ಲವೇ ಡ್ರೈವರ್ ತಗ್ಗಿಸುವ ಹಾಗಿರಬೇಕು. ನನ್ನ ಅಭಿಪ್ರಾಯದಲ್ಲಿ ಆ 1.5 ಮೀಟರ್ ಇವತ್ತಿಗೆ ಸಾಲದು, ಯಾಕೆಂದರೆ ನಿಮ್ಮಂಥ ಸಣ್ಣ ಕಾರಿನವರ ಕಣ್ಣು ಅದಕ್ಕಿಂತ ಕೆಳಗಿದೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕಿದ್ದರು, ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಕೆಳಗೆ. ಮೊದಲ ಸಲಕ್ಕೆ 500 ರೂಪಾಯಿ ದಂಡ. ಒಳ್ಳೆಯ ಕೆಲಸ, ಆದರೆ ಎರಡು ವಾರದ ಕಾರ್ಯಾಚರಣೆಗೆ ನಿಲ್ಲುವ ವಿಷಯ ಅಲ್ಲ ಇದು. ಸ್ವಂತ ಕಾರಿಗೆ ನಮ್ಮಲ್ಲಿ 15 ವರ್ಷದ ತನಕ ಯಾರೂ ಲೈಟ್ ಪರೀಕ್ಷೆ ಮಾಡುವುದಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಪರೀಕ್ಷೆ, ಅದರಲ್ಲಿ ಹೆಡ್‌ಲೈಟ್ ಎಲ್ಲಿಗೆ ನೋಡುತ್ತದೆ ಅನ್ನುವುದೂ ಸೇರಿದೆ. ಜರ್ಮನಿಯಲ್ಲಿ 1956ರಿಂದ ಪ್ರತಿ ಅಕ್ಟೋಬರಿನಲ್ಲಿ ವರ್ಕ್‌ಶಾಪುಗಳು ಪುಕ್ಕಟೆಯಾಗಿ ಲೈಟ್ ನೋಡಿಕೊಡುತ್ತವೆ.

ಹೆಚ್ಚುಕಡಿಮೆ ಅದೇ ಸಮಯಕ್ಕೆ ನಮ್ಮಲ್ಲಿ ಆಯುಧ ಪೂಜೆ ಬರುತ್ತದೆ. ಅವತ್ತು ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಹೆಡ್‌ಲೈಟಿಗೂ ಕುಂಕುಮ ಹಚ್ಚುತ್ತೇವೆ. ಹಿಂದಿನ ಸಂಜೆ ಗೋಡೆ ಎದುರು ನಿಲ್ಲಿಸಿ ಆ ಸೀಮೆಸುಣ್ಣದ ಗೆರೆಯ ಪರೀಕ್ಷೆಯೂ ಮಾಡಿಬಿಡಿ. ನಮ್ಮ ಬೀದಿಯಲ್ಲಿ ನಾಲ್ಕು ವರ್ಷದಿಂದ ಮಾಡುತ್ತಿದ್ದೇವೆ, ಹುಡುಗರು ತಮ್ಮ ಬೈಕುಗಳನ್ನೂ ತರುತ್ತಾರೆ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಲೈಟ್ ಆರಿಸುವ ಸ್ವಿಚ್ಚೇ ಇಲ್ಲ, ಯಾವಾಗಲೂ ಉರಿಯುತ್ತಿರುತ್ತದೆ. ಅಂದಮೇಲೆ ಅದು ಎಲ್ಲಿಗೆ ನೋಡುತ್ತಿದೆ ಅನ್ನುವುದು ಇನ್ನೂ ಮುಖ್ಯ.

ಹಳದಿ ಕನ್ನಡಕ ರಾತ್ರಿ ಹಾಕಬೇಡಿ. ಮಗ ಪ್ರೀತಿಯಿಂದ ತಂದುಕೊಟ್ಟಿದ್ದಾನೆ, ಅವನಿಗೆ ಬೇಜಾರಾಗದ ಹಾಗೆ ಹೇಳಿ. ಹಾಕಿದಾಗ ಹಿತ ಅನ್ನಿಸುವುದು ನಿಜ. ಆದರೆ ಅದು ಲೈಟಿನ ಬೆಳಕನ್ನು ತಡೆಯುವಾಗ ರಸ್ತೆಯಿಂದ ಬರುವ ಬೆಳಕನ್ನೂ ತಡೆಯುತ್ತದೆ. 2019ರಲ್ಲಿ ಬಾಸ್ಟನ್ನಿನ ಶೆಪೆನ್ಸ್ ಕಣ್ಣಿನ ಸಂಶೋಧನಾ ಸಂಸ್ಥೆಯವರು ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಇದನ್ನು ಪರೀಕ್ಷಿಸಿದರು. ಹಳದಿ ಕನ್ನಡಕ ಹಾಕಿದ್ದರಿಂದ ರಸ್ತೆಯಲ್ಲಿರುವ ಮನುಷ್ಯ ಬೇಗ ಕಂಡಿದ್ದೇನೂ ಇಲ್ಲ.

ಅದಕ್ಕಿಂತ ಮುಂದಿನ ಗಾಜು ಒರೆಸಿ, ಒಳಗಡೆಯಿಂದ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಬರುವ ಹಬೆ ಗಾಜಿನ ಒಳಗೆ ಎಣ್ಣೆಯಂಥ ಪದರ ಕಟ್ಟುತ್ತದೆ, ಹಗಲು ಕಾಣುವುದಿಲ್ಲ. ವೈಪರ್ ಎಳೆದ ಗೀರುಗಳಿದ್ದರೆ ಎದುರಿನ ಲೈಟಿಗೆ ನಕ್ಷತ್ರದ ಹಾಗೆ ಕಿರಣ ಮೂಡುತ್ತದೆ, ಅಷ್ಟಾಗಿದ್ದರೆ ಗಾಜು ಬದಲಾಯಿಸುವುದೇ ಸರಿ. ಹಿಂದಿನಿಂದ ಬರುವ ಲೈಟಿಗೆ, ಒಳಗಿನ ಕನ್ನಡಿಯ ಕೆಳಗೆ ಒಂದು ಪುಟ್ಟ ನಾಲಿಗೆ ಇರುತ್ತದೆ, ಅದನ್ನು ತಿರುಗಿಸಿ. ನೂರಕ್ಕೆ ನಾಲ್ಕರಷ್ಟು ಬೆಳಕು ಮಾತ್ರ ಕಣ್ಣಿಗೆ ಬರುತ್ತದೆ, ಹಿಂದೆ ಗಾಡಿ ಇದೆ ಅನ್ನುವುದು ತಿಳಿಯಲು ಅಷ್ಟು ಸಾಕು.

ಎದುರಿನವನು ಬ್ರೈಟ್ ಇಳಿಸದಿದ್ದರೆ ಒಂದು ಸಲ ಡಿಮ್‌ಡಿಪ್ ಮಾಡಿ ತೋರಿಸಿ. ಆಮೇಲೂ ಇಳಿಸದಿದ್ದರೆ ನೀವೂ ಬ್ರೈಟ್ ಹಾಕಿ ಹಟ ಸಾಧಿಸಬೇಡಿ. ಕಣ್ಣು ಕಾಣದ ಒಬ್ಬ ಡ್ರೈವರ್ ಇದ್ದ ರಸ್ತೆಯಲ್ಲಿ ಈಗ ಇಬ್ಬರಾದರು, ನಡುವೆ ಆ ಸಿಪ್ಪೆ ಟ್ರಾಕ್ಟರ್ ಇದ್ದೇ ಇದೆ.

ಕೊನೆಗೆ ಕಣ್ಣಿನ ಡಾಕ್ಟರು. ಎರಡು ಮೂರು ವರ್ಷದಿಂದ ಜಾಸ್ತಿಯಾಗುತ್ತಾ ಬಂದಿದೆ ಅಂದಿರಿ, ಹಗಲು ಸರಿಯಾಗಿ ಕಾಣುತ್ತಿದೆ ಅಂತ ಸುಮ್ಮನಿರಬೇಡಿ. ಪೊರೆ ಶುರುವಾಗುವಾಗ ಎಷ್ಟೋ ಜನಕ್ಕೆ ಮೊದಲು ಗೊತ್ತಾಗುವುದೇ ಹೀಗೆ, ರಾತ್ರಿ ಲೈಟಿನ ಸುತ್ತ ಬಳೆಯಂತೆ ಕಾಣುತ್ತದೆ, ಬೋರ್ಡಿನ ಅಕ್ಷರ ಓದುವ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತಾರೆ. ಹಾಗಾಗಿ "ನಂಬರ್ ನೋಡಿ" ಅಂತ ಮಾತ್ರ ಕೇಳದೆ, "ರಾತ್ರಿ ಎದುರಿನ ಲೈಟಿಗೆ ಕಣ್ಣು ಕುಕ್ಕುತ್ತದೆ, ಪೊರೆ ಇದೆಯಾ ನೋಡಿ" ಅಂತ ಬಾಯಿಬಿಟ್ಟು ಹೇಳಿ. ಡ್ರಾಪ್ಸ್ ಹಾಕಿ ಕಣ್ಣಿನ ಪಾಪೆ ಅಗಲ ಮಾಡಿ ನೋಡುತ್ತಾರೆ. ಅದರ ಪರಿಣಾಮ ಕೆಲವು ಗಂಟೆ ಇರುತ್ತದೆ, ಹಗಲು ಬೆಳಕೂ ಕುಕ್ಕುತ್ತದೆ. ಅವತ್ತು ಕಾರು ಮಗ ಓಡಿಸಲಿ.